ಕಾಯುವ ಹನಿ, ಹನಿಯನ್ನು ಕಾಯುವ ಕೈ

ಬಸ್ ನಿಲ್ದಾಣದ ಬಳಿ ಕಟ್ಟಿರುವ ಫ್ಲೆಕ್ಸ್ ಫಲಕವೊಂದನ್ನು ನೀವು ತೀರ ಹತ್ತಿರದಿಂದ ನೋಡಿದ್ದೀರಾ? ದೂರದಿಂದ ನಗುಮುಖವಾಗಿ ಕಂಡದ್ದು ಹತ್ತಿರ ಹೋದಂತೆ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದುಹೋಗುತ್ತದೆ. ಪ್ರತಿಯೊಂದು ಚುಕ್ಕೆಯೂ ಇಂಕ್‌ಜೆಟ್ ಯಂತ್ರವು ಗುರಿಯಿಟ್ಟು ಹಾರಿಸಿದ ಶಾಯಿಯ ಹನಿ. ಕೆಲವು ಫಲಕಗಳಲ್ಲಿ ಆ ಮುಖದ ಮೇಲೆ ತೆಳುವಾದ ಬಿಳಿ ಗೆರೆಗಳು ಹಾದುಹೋಗಿರುವುದೂ ಉಂಟು. ಆ ಗೆರೆಯ ಕಾರಣವನ್ನು ಹುಡುಕುತ್ತ ಹೋದರೆ ಸಮುದ್ರದ ತಳದವರೆಗೆ ಹೋಗಬೇಕಾಗುತ್ತದೆ. ಬನ್ನಿ, ಹೋಗೋಣ.

1866ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ಕೇಬಲ್ ಯಶಸ್ವಿಯಾಗಿ ಕೆಲಸ ಮಾಡತೊಡಗಿತು. ಆದರೆ ಸಾವಿರಾರು ಕಿಲೋಮೀಟರ್ ದಾಟಿ ಬರುವ ಸಂಕೇತ ಬಹಳ ಕ್ಷೀಣ. ಅದರಿಂದ ಚಲಿಸುವ ಲೇಖನಿ ಕಾಗದಕ್ಕೆ ತಾಗಿದರೆ, ಆ ಘರ್ಷಣೆಯೇ ಅದನ್ನು ತಡೆದುಬಿಡುತ್ತಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1867ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದರು. ಕೂದಲಿನಂಥ ಗಾಜಿನ ಕೊಳವೆಯೊಳಗಿನ ಶಾಯಿಗೆ ವಿದ್ಯುದಾವೇಶ ಕೊಟ್ಟರೆ ಅದು ತಾನಾಗಿ ಕಾಗದದತ್ತ ಸಿಡಿಯುತ್ತದೆ. ಕೊಳವೆ ಕಾಗದವನ್ನು ಮುಟ್ಟಬೇಕಿಲ್ಲ. ಮುಟ್ಟದೆ ಬರೆಯುವ ವಿದ್ಯೆಯ ಆರಂಭ ಇದು. ಅದರ ಬೆಲೆಯೂ ಅಂದೇ ನಿಶ್ಚಯವಾಯಿತು: ಕೊಳವೆ ಕಿರಿದಾಗಿರಲೇಬೇಕು. ಕಿರಿದಾದದ್ದು ಕಟ್ಟಿಕೊಳ್ಳುತ್ತದೆ.

ಇನ್ನು ಹನಿಯ ವಿಷಯ. ಮನೆಯ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ, ಸಣ್ಣ ಧಾರೆ ಬಿಡಿ. ಮೇಲೆ ಗಾಜಿನ ಕಡ್ಡಿಯಂತಿರುವ ಧಾರೆ ಕೆಳಗೆ ಹನಿಗಳಾಗಿ ಒಡೆಯುವುದನ್ನು ಕಾಣುತ್ತೀರಿ. ಇದು ಮೇಲ್ಮೈ ಸೆಳೆತದ ಕೆಲಸ ಎಂಬುದನ್ನು ಬೆಲ್ಜಿಯಂನ ಪ್ಲಾಟೋ 1873ರಲ್ಲಿ ವಿವರಿಸಿದರು. ಧಾರೆ ಎಷ್ಟೆಷ್ಟು ಅಂತರದಲ್ಲಿ ತುಂಡಾಗಲು ಹವಣಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ಲಾರ್ಡ್ ರೇಲೀ 1878ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಲೆಕ್ಕಕ್ಕೆ ಸಿಕ್ಕಿದ ಹನಿಯನ್ನು ಮುಂದಿನವರು ಕೆಲಸಕ್ಕೆ ಹಚ್ಚಿದರು.

ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಶಾಯಿಯ ಧಾರೆಯಿಂದಲೇ ಹೃದಯದ ಬಡಿತದ ರೇಖೆಯನ್ನು ಬರೆಯುವ ಉಪಕರಣಕ್ಕೆ 1951ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1958ರಲ್ಲಿ ದೇಹದೊಳಗೆ ಅಳವಡಿಸಿದ ಮೊದಲ ಪೇಸ್‌ಮೇಕರನ್ನು ತಯಾರಿಸಿದವರೂ ಇವರೇ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್ ಹರಿಯುವ ಹನಿಗಳಿಗೆ ಒಂದೊಂದಾಗಿ ವಿದ್ಯುದಾವೇಶ ಕೊಟ್ಟು, ವಿದ್ಯುತ್ ಕ್ಷೇತ್ರದಿಂದ ಅವುಗಳ ದಾರಿ ಬದಲಿಸಿದರು.

ಇಂಥ ನಿರಂತರ ಧಾರೆಯ ಯಂತ್ರಗಳಲ್ಲಿ ಶಾಯಿ ನಿಲ್ಲುವುದೇ ಇಲ್ಲ; ಬೇಡವಾದ ಹನಿಗಳು ಪಕ್ಕದ ದೋಣಿಯಲ್ಲಿ ಬೀಳುತ್ತವೆ. ಬೇಕಾದಾಗ ಮಾತ್ರ ಒಂದು ಹನಿ ಹಾರಿಸಿದರೆ ಸಾಲದೇ? 1970ರ ದಶಕದಲ್ಲಿ ಇದಕ್ಕೆ ಎರಡು ದಾರಿಗಳು ತೆರೆದವು. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಬಿಸಿಯಾದ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ, ಶಾಯಿ ಚಿಮ್ಮಿತು. ಶಾಖದಿಂದ ಆವಿಯ ಗುಳ್ಳೆ ಎಬ್ಬಿಸಿ ಹನಿಯನ್ನು ತಳ್ಳುವ ವಿಧಾನ ಇದರಿಂದ ಬೆಳೆಯಿತು. ಇನ್ನೊಂದು ದಾರಿ ಪೀಜೋ ವಸ್ತುವಿನದು. ಕ್ಯೂರಿ ಸಹೋದರರು 1880ರಲ್ಲಿ ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಕಂಡಿದ್ದರು. ಇಲ್ಲಿ ಅದರ ವಿಲೋಮ: ವಿದ್ಯುತ್ತು ಕೊಟ್ಟರೆ ವಸ್ತು ಬಾಗಿ, ಶಾಯಿಯನ್ನು ಹಿಂಡುತ್ತದೆ. ಕುದಿಸುವ ಅಗತ್ಯವಿಲ್ಲವಾದ್ದರಿಂದ ಫ್ಲೆಕ್ಸಿಗೆ ಬೇಕಾದ ದ್ರಾವಕದ ಶಾಯಿಗೂ ಇದು ಒಗ್ಗಿತು. ಫಲಕದ ಅಂಗಡಿಗಳ ದೊಡ್ಡ ಯಂತ್ರಗಳು ಹೆಚ್ಚಾಗಿ ಈ ಬಗೆಯವು.

ಆದರೆ ಈ ಜಾಣತನದಲ್ಲೇ ಒಂದು ತೊಡಕು ಸೇರಿಕೊಂಡಿತು. ಬೇಕಾದಾಗ ಮಾತ್ರ ಹಾರುವ ಹನಿ ಉಳಿದ ಹೊತ್ತು ರಂಧ್ರದ ಬಾಯಲ್ಲಿ ಕಾಯುತ್ತ ಕೂರಬೇಕು. ಕಾಯುವಾಗ ಒಣಗುತ್ತದೆ. 35 ಪೀಕೋಲೀಟರಿನ ಒಂದು ಹನಿಯ ಅಡ್ಡಳತೆ ಸುಮಾರು 40 ಮೈಕ್ರೋಮೀಟರ್, ಒಂದು ಕೂದಲಿಗಿಂತ ಕಡಮೆ. ಅಂಥ ರಂಧ್ರಕ್ಕೆ ಒಂದು ಧೂಳಿನ ಕಣವೂ ಬಂಡೆಯೇ.

ನಮ್ಮ ಕಾರ್ಯಕ್ರಮದ ಚಿತ್ರೀಕರಣಕ್ಕೆ ಇಂಥ ಒಂದು ಅಂಗಡಿಗೆ ಹೋದಾಗ ನಡೆದ ಸಂಗತಿ ಹೇಳುತ್ತೇನೆ. ಫಲಕದಲ್ಲಿ ಬಿಳಿ ಗೆರೆ ಬರುತ್ತಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ 'ಕ್ಲೀನಿಂಗ್' ಗುಂಡಿಯನ್ನು ನಾಲ್ಕು ಸಲ ಒತ್ತಿದ್ದ. ಪ್ರತಿ ಸಲವೂ ಶಾಯಿ ಹರಿದು ವ್ಯರ್ಥವಾಯಿತು, ಗೆರೆ ಹೋಗಲಿಲ್ಲ. ಮುಂದೆ ಸೂಜಿ ಹಾಕಿ ಕೆದಕುವ ಯೋಚನೆಯಲ್ಲಿದ್ದ. ಕೆದಕಿದ್ದರೆ ರಂಧ್ರದ ಅಂಚು ಕೆಟ್ಟು, ದುಬಾರಿ ಪ್ರಿಂಟ್ ಹೆಡ್ ಹಾಳಾಗುತ್ತಿತ್ತು. ಬಹುಶಃ ಅವನ ಕೆಲಸವೂ ಹೋಗುತ್ತಿತ್ತು. ಅಂಗಡಿಯ ಹಿರಿಯರು ಅವನ ಕೈ ತಡೆದು, ಪರೀಕ್ಷಾ ನಮೂನೆಯನ್ನು ಎರಡು ಸಲ ಅಚ್ಚು ಮಾಡಿಸಿದರು. ಪ್ರತಿ ರಂಧ್ರವೂ ಒಂದೊಂದು ಸಣ್ಣ ಗೀಟು ಹಾಕುವ ನಮೂನೆ ಅದು. ಎರಡನ್ನೂ ಪಕ್ಕದಲ್ಲಿಟ್ಟು, "ಏನು ಕಾಣುತ್ತದೆ?" ಎಂದರು. ಗೀಟುಗಳು ಎರಡರಲ್ಲೂ ತಪ್ಪಿದ್ದವು, ಆದರೆ ಬೇರೆ ಬೇರೆ ಜಾಗದಲ್ಲಿ.

ಇಲ್ಲಿ ನೀವೂ ಒಂದು ಕ್ಷಣ ಯೋಚಿಸಿ. ಒಣಗಿದ ಶಾಯಿ ಜಾಗ ಬದಲಿಸುವುದಿಲ್ಲ. ಒಂದೇ ಜಾಗದಲ್ಲಿ ಗೀಟು ತಪ್ಪುತ್ತಿದ್ದರೆ ಅಲ್ಲಿ ರಂಧ್ರ ಕಟ್ಟಿರುವ ಸಂಭವ ಹೆಚ್ಚು. ಜಾಗ ಬದಲಾಗುತ್ತಿದ್ದರೆ ಸಂಶಯ ಗಾಳಿಯ ಮೇಲೆ. ಪೀಜೋ ಹಿಂಡಿದ ಒತ್ತಡವನ್ನು ಗುಳ್ಳೆ ತಾನೇ ಕುಗ್ಗಿ ನುಂಗಿಕೊಳ್ಳುತ್ತದೆ, ಹನಿ ಹೊರಡುವುದಿಲ್ಲ. ಒಂದು ಬಣ್ಣವೇ ಪೂರ್ತಿ ಇಲ್ಲವಾದರೆ ಅದರ ಶಾಯಿ ಬರುವ ದಾರಿಯನ್ನು ನೋಡಬೇಕು. ಗೀಟುಗಳೆಲ್ಲ ಸರಿಯಿದ್ದೂ ಫಲಕದಲ್ಲಿ ಸಮಾನ ಅಂತರದ ಪಟ್ಟೆಗಳು ಬಂದರೆ, ಬಟ್ಟೆ ಮುಂದೆ ಸರಿಯುವ ಅಳತೆ ತಪ್ಪಿರಬಹುದು. ಅಂದು ದೋಷ ಸಿಕ್ಕಿದ್ದು ಕೊಳವೆಯ ಸಡಿಲ ಜೋಡಣೆಯೊಂದರಲ್ಲಿ. ಬಿಗಿ ಮಾಡಿ, ಗಾಳಿ ಹೊರಹಾಕಿದ ಮೇಲೆ ಗೆರೆ ಹೋಯಿತು.

ಆ ಹಿರಿಯರು ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಕೈಬರಹದ ಕೆಲಸ ಕಡಮೆಯಾದಾಗ ಇದೇ ಯಂತ್ರದ ಮುಂದೆ ನಿಲ್ಲಬೇಕಾಯಿತು. ಸಂಜೆ ಅವರು ಕೈಗವಸು ತೊಟ್ಟು, ಕಿಟಕಿ ತೆರೆದರು. ದ್ರಾವಕದ ಆವಿ ಒಳ್ಳೆಯದಲ್ಲ. ಹೆಡ್ಡಿಗೆ ಮುಚ್ಚಳವಾಗುವ ರಬ್ಬರಿನ ಅಂಚನ್ನು ಒರೆಸಿದರು. ಅಂಚಿನಲ್ಲಿ ಒಣಶಾಯಿ ಅಂಟಿದ್ದರೆ ಮುಚ್ಚಳ ಕೂರುವುದಿಲ್ಲ; ಪಂಪು ಶಾಯಿಯ ಬದಲು ಗಾಳಿ ಎಳೆಯುತ್ತದೆ; ರಾತ್ರಿ ರಂಧ್ರಗಳು ಒಣಗುತ್ತವೆ. ಅಚ್ಚಾಗುವಾಗ ಕರೆಂಟು ಹೋದರೆ ಹೆಡ್ಡು ಮುಚ್ಚಳವಿಲ್ಲದೆ ನಡುದಾರಿಯಲ್ಲಿ ನಿಲ್ಲಬಾರದೆಂದು ಯುಪಿಎಸ್ಸನ್ನೂ ನೋಡಿದರು. ಹಿಂದೆ ಕುಂಚ ತೊಳೆಯುತ್ತಿದ್ದ ಹೊತ್ತೂ ಇದೇ ಅಂತೆ.

ಥಾಮ್ಸನ್ನರಿಂದ ಮೊದಲ್ಗೊಂಡು ಎಲ್ಲರೂ ಹನಿಯನ್ನು ಹಾರಿಸುವ ಬಗೆ ಕಂಡುಕೊಂಡರು. ಹಾರುವ ತನಕ ಅದನ್ನು ಕಾಯುವ ಕೆಲಸ ಇಂಥ ಕೈಗಳಿಗೆ ಉಳಿದಿದೆ. ಮುಂದೆ ನಿಮ್ಮ ಕೈಗೆ ಯಾವ ಯಂತ್ರ ಬಂದರೂ, ಗುಂಡಿ ಒತ್ತುವ ಮೊದಲು ಆ ಎರಡು ಕಾಗದಗಳನ್ನು ನೆನಪಿಸಿಕೊಳ್ಳಿ.