ಬ್ಯಾಟ್‌ಮ್ಯಾನ್ ಮತ್ತು ಕೊನೇ ರೀಲು

2012ರ ಜುಲೈ 20, ಶುಕ್ರವಾರ. ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮ್ಯಾನ್ ಸರಣಿಯ ಮೂರನೆಯ ಮತ್ತು ಕೊನೆಯ ಚಿತ್ರ ‘ದ ಡಾರ್ಕ್ ನೈಟ್ ರೈಸಸ್’ ಅಮೆರಿಕದಲ್ಲೂ ನಮ್ಮಲ್ಲೂ ಒಂದೇ ದಿನ ತೆರೆಕಂಡಿತು. 2005ರಲ್ಲಿ ಶುರುವಾಗಿದ್ದ ಕಥೆಗೆ ಅವತ್ತು ಮಂಗಳ. ಅಮೆರಿಕದವರು ಆ ದಿನವನ್ನ ನೆನೆಯೋದು ಬೇರೆ ಕಾರಣಕ್ಕೆ. ಕೊಲೊರಾಡೋ ರಾಜ್ಯದ ಅರೋರಾದಲ್ಲಿ ಮಧ್ಯರಾತ್ರಿಯ ಶೋ ನಡೀತಿದ್ದಾಗ ಒಬ್ಬ ಗುಂಡು ಹಾರಿಸಿ 12 ಜನರನ್ನ ಕೊಂದ. ಚಿತ್ರದ ಹೆಸರು ಎತ್ತಿದ್ರೆ ಇವತ್ತಿಗೂ ಆ ಸಾವುಗಳು ನೆನಪಾಗುತ್ತವೆ.

ಇವೆಲ್ಲದರ ಮಧ್ಯೆ, ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಮುಕ್ತಾಯವೂ ಅದೇ ವರ್ಷ ನಡೀತಿತ್ತು. ಥಿಯೇಟರ್‌ಗಳಿಂದ ರೀಲು ಹೊರಟುಹೋಗ್ತಿತ್ತು.

ಆ ವರ್ಷದ ಸುದ್ದಿಗಳನ್ನ ಸಾಲಾಗಿ ಇಟ್ಟು ನೋಡಿ. ದೊಡ್ಡ ಕಂಪನಿಗಳು ಹೊಸ ಫಿಲ್ಮ್ ಕ್ಯಾಮೆರಾ ತಯಾರಿಸೋದನ್ನ 2011ರ ಹೊತ್ತಿಗೇ ನಿಲ್ಲಿಸಿದ್ದವು. 2012ರ ಜನವರಿಯಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿತು. ಸೆಪ್ಟೆಂಬರ್‌ನಲ್ಲಿ ಫ್ಯೂಜಿಫಿಲ್ಮ್, ಇನ್ನು ಮುಂದೆ ಸಿನಿಮಾ ಶೂಟಿಂಗ್ ಫಿಲ್ಮ್ ಮಾಡಲ್ಲ ಅಂತ ಹೇಳಿತು. ಕಾರಣ ಸರಳ, ದುಡ್ಡು. ಅಮೆರಿಕದಲ್ಲಿ ಒಂದು 35 ಎಂಎಂ ಪ್ರಿಂಟಿಗೆ ಸುಮಾರು 1,500 ಡಾಲರ್ ಖರ್ಚಾಗ್ತಿತ್ತು. ಹಾರ್ಡ್ ಡಿಸ್ಕ್‌ನಲ್ಲಿ ಕಳಿಸಿದ್ರೆ ಅದರ ಹತ್ತನೇ ಒಂದು ಭಾಗ ಸಾಕು.

ನೋಲನ್ ಈ ಹೊಳೆಗೆ ಎದುರು ಈಜಿದವರು. 2011ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಒಂದು ಐಮ್ಯಾಕ್ಸ್ ಥಿಯೇಟರ್‌ಗೆ ಹಾಲಿವುಡ್‌ನ ಹೆಸರಾಂತ ನಿರ್ದೇಶಕರನ್ನ ಕರೆಸಿ, ಈ ಚಿತ್ರದ ಮೊದಲ ಕೆಲವು ನಿಮಿಷಗಳನ್ನ ತೋರಿಸಿದರು. ಫಿಲ್ಮ್ ಬೇಕು ಅಂತ ಈಗ ಬಾಯಿಬಿಟ್ಟು ಕೇಳದಿದ್ರೆ ಅದು ಕೈತಪ್ಪಿ ಹೋಗುತ್ತೆ ಅನ್ನೋದು ಅವರ ವಾದ. ಚಿತ್ರದಲ್ಲಿ ಒಂದು ಗಂಟೆಗೂ ಮೀರಿದ ಭಾಗವನ್ನ ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದಿದ್ದರು. ಆ ಫಿಲ್ಮ್ ಪ್ರೊಜೆಕ್ಟರ್ ಒಳಗೆ ನಿಮಿಷಕ್ಕೆ ನೂರು ಮೀಟರ್‌ಗಿಂತ ಹೆಚ್ಚು ಓಡುತ್ತೆ. ಹೆಚ್ಚುಕಡಿಮೆ 165 ನಿಮಿಷದ ಸಿನಿಮಾಕ್ಕೆ ಲೆಕ್ಕ ಹಾಕಿದ್ರೆ ಸುಮಾರು 17 ಕಿಲೋಮೀಟರ್ ಆಯ್ತು. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಹತ್ತಿರದವರೆಗೆ ಹಾಸಬಹುದು.

ನಾನು ಅದನ್ನ ನೋಡಿದ್ದು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ. ಬ್ರೂಸ್ ವೇನ್ ಬಾವಿಯಂಥ ಸೆರೆಮನೆ ಹತ್ತಿ ಹೊರಬಂದಾಗ ಹಿಂದೆ ಜೋಧ್‌ಪುರದ ಮೆಹ್ರಾನ್‌ಗಢ ಕೋಟೆ ಕಾಣುತ್ತೆ. ಅದನ್ನ 2011ರ ಮೇ ತಿಂಗಳಲ್ಲಿ ಅಲ್ಲೇ ಶೂಟ್ ಮಾಡಿದ್ದು. ಹೀಗೆ ರಾಜಸ್ಥಾನದ ಬಿಸಿಲಲ್ಲಿ ಫಿಲ್ಮ್ ಮೇಲೆ ಮೂಡಿದ ದೃಶ್ಯ ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಫೈಲ್‌ನಿಂದ. ಡಿಜಿಟಲ್ ಥಿಯೇಟರ್‌ಗೆ ಬರೋದು ಎನ್‌ಕ್ರಿಪ್ಟ್ ಆದ ಹಾರ್ಡ್ ಡಿಸ್ಕ್. ಅದನ್ನ ತೆರೆಯೋ ಕೀ ಬೇರೆಯಾಗಿ ಬರುತ್ತೆ, ಇಂಥದೇ ಸರ್ವರ್‌ನಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ನಡೆಯುತ್ತೆ. ನಮ್ಮ ಆಫೀಸಿನ ಲೈಸೆನ್ಸ್ ಸರ್ವರ್‌ಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸ ಇಲ್ಲ.

ಇಲ್ಲಿ ನನಗೆ ನೋಲನ್ ಜೊತೆ ಒಂದು ಸಣ್ಣ ತಕರಾರಿದೆ. ರೀಲಿನ ಸೊಬಗಿನ ಬಗ್ಗೆ ಅವರು ಹೇಳೋದೆಲ್ಲ ನಿಜ, ಆದ್ರೆ ಅದು ಹೊಸ ಪ್ರಿಂಟ್ ನೋಡಿದವರ ನಿಜ. ನಮ್ಮೂರ ಕಡೆ ಟೆಂಟ್ ಸಿನಿಮಾಕ್ಕೆ ಬರ್ತಿದ್ದದ್ದು ಪೇಟೆಯಲ್ಲಿ ನೂರು ದಿನ, ತಾಲ್ಲೂಕು ಕೇಂದ್ರದಲ್ಲಿ ಐದಾರು ವಾರ ಓಡಿ ಸವೆದ ಪ್ರಿಂಟು. ಪರದೆ ಮೇಲೆ ಸದಾ ಮಳೆ. ರಾಜ್‌ಕುಮಾರ್ ಹಾಡು ಅರ್ಧದಲ್ಲಿ ಹಾರಿ ನೇರ ಫೈಟಿಗೆ ಹೋಗ್ತಿತ್ತು, ಯಾಕಂದ್ರೆ ಹರಿದ ಕಡೆಯೆಲ್ಲ ಕತ್ತರಿಸಿ ಅಂಟಿಸಿ ಉಳಿದದ್ದೇ ಅಷ್ಟು. ಮರಳಲ್ಲಿ ಕೂತವರು ಶಿಳ್ಳೆ ಹೊಡೆದು ಆಪರೇಟರ್‌ನ ಬೈಯೋರು. ಪಾಪ, ಅವನದೇನು ತಪ್ಪು? ಪ್ರಿಂಟುಗಳು ಕೆಲವೇ ಇರ್ತಿದ್ದವು, ಸರದಿ ಬರೋ ಹೊತ್ತಿಗೆ ಹಳ್ಳಿಗೆ ಉಳೀತಿದ್ದದ್ದು ಅದೇ.

ಆ ಸರದಿಯನ್ನ ಮುರಿದದ್ದು ಡಿಜಿಟಲ್. ಉಪಗ್ರಹದ ಮೂಲಕ ಸಿನಿಮಾ ಕಳಿಸೋ ವ್ಯವಸ್ಥೆ ಬಂದ ಮೇಲೆ ತಾಲ್ಲೂಕಿನ ಟಾಕೀಸಿಗೂ ಬೆಂಗಳೂರಿನ ಥಿಯೇಟರಿಗೂ ಒಂದೇ ಶುಕ್ರವಾರ ಸಿಕ್ತು. ನೂರನೇ ಶೋನಲ್ಲೂ ಗೀರಿಲ್ಲದ ಚಿತ್ರ. ಇದು ಸಣ್ಣ ಮಾತಲ್ಲ. ನನ್ನ ಚಿಕ್ಕಪ್ಪನ ಮಕ್ಕಳು ಈಗ ರಿಲೀಸ್ ದಿನವೇ ಸಿನಿಮಾ ನೋಡಿ, ನನಗಿಂತ ಮುಂಚೆ ಕ್ಲೈಮ್ಯಾಕ್ಸ್ ಹೇಳಿಬಿಡ್ತಾರೆ.

ಹಾಗಾದ್ರೆ ರೀಲು ಹೋದದ್ದು ಒಳ್ಳೇದೇ ಆಯ್ತಾ? ತೋರಿಸೋ ವಿಷಯದಲ್ಲಿ ಹೌದು ಅಂತೀನಿ. ಉಳಿಸೋ ವಿಷಯ ಬೇರೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ರೀಲಿದ್ದ ಮಾತ್ರಕ್ಕೆ ಚಿತ್ರ ಉಳಿಯಲ್ಲ, ಕಾಯೋರು ಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಅಂಥ ಒಬ್ಬ ಕಾವಲುಗಾರ. ಅವರ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರ ಬಂದದ್ದೂ ಅದೇ 2012ರಲ್ಲಿ. 2018ರಲ್ಲಿ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕರೆದಾಗ ನೋಲನ್ ಮುಂಬೈಗೆ ಬಂದು ರೀಲಿನ ಪರವಾಗಿ ಮಾತಾಡಿದರು.

ಹಾರ್ಡ್ ಡಿಸ್ಕ್ ಎಷ್ಟು ವರ್ಷ ಬಾಳುತ್ತೆ ಅಂತ ನಮ್ಮ ಕಸುಬಿನವರನ್ನ ಕೇಳಿ, ನಗ್ತಾರೆ. ಬ್ಯಾಕಪ್ ಟೇಪ್ ಇದೆ, ಆದ್ರೆ ಹೊಸ ಡ್ರೈವ್ ಒಂದೆರಡು ತಲೆಮಾರು ಹಿಂದಿನ ಟೇಪನ್ನಷ್ಟೇ ಓದುತ್ತೆ. ಅಂದ್ರೆ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದಕ್ಕೆ ವರ್ಗಾಯಿಸ್ತಾ ಇರಬೇಕು. ಒಂದು ಸಲ ದುಡ್ಡಿಲ್ಲ ಅಂತ ಬಿಟ್ರೆ ಕಥೆ ಮುಗೀತು. ಫಿಲ್ಮ್ ಹಾಗಲ್ಲ. ತಂಪಾದ, ತೇವವಿಲ್ಲದ ಕೋಣೆಯಲ್ಲಿಟ್ಟರೆ ದಶಕಗಳ ನಂತರವೂ ಬೆಳಕಿಗೆ ಹಿಡಿದು ಕಣ್ಣಲ್ಲೇ ನೋಡಬಹುದು, ಪಾಸ್‌ವರ್ಡ್ ಬೇಡ.

ಬ್ಯಾಟ್‌ಮ್ಯಾನ್ ಬಗ್ಗೆ ನನಗೆ ಚಿಂತೆಯಿಲ್ಲ, ಅವನ ಹಿಂದೆ ದೊಡ್ಡ ಸ್ಟುಡಿಯೋ ಇದೆ. 2012ರ ಆಸುಪಾಸಿನಲ್ಲಿ ಡಿಜಿಟಲ್ ಕ್ಯಾಮೆರಾ ಬಾಡಿಗೆಗೆ ತಂದು, ಸಾಲ ಮಾಡಿ ಕನ್ನಡದಲ್ಲಿ ಮೊದಲ ಸಿನಿಮಾ ತೆಗೆದ ಹುಡುಗರಿದ್ದಾರಲ್ಲ, ಅವರ ಮೂಲ ಫೈಲ್‌ಗಳು ಈಗ ಯಾವ ಬೀರುವಿನ ಯಾವ ಡಿಸ್ಕ್‌ನಲ್ಲಿವೆ? ಅಂಥವರು ನಿಮ್ಮ ಗೆಳೆಯರ ಪೈಕಿ ಇದ್ರೆ ಈ ಭಾನುವಾರ ಒಂದು ಫೋನ್ ಮಾಡಿ, ಆ ಡಿಸ್ಕ್ ಇನ್ನೂ ಓಪನ್ ಆಗುತ್ತಾ ಅಂತ ಕೇಳಿ.