ಒಂದು ಕ್ರೆಡಿಟ್ ಅಂದ್ರೆ ಎಷ್ಟು ಗ್ರಾಂ?

ಇವತ್ತಿನ ಮಾತು ಪುಸ್ತಕ ಅದಲುಬದಲು ಮಾಡಿಕೊಳ್ಳುವ ಸೈಟುಗಳದ್ದು. ಓದಿ ಮುಗಿಸಿದ ಪುಸ್ತಕವನ್ನು ಯಾರಿಗಾದರೂ ಕಳಿಸಿದರೆ ನಿಮಗೆ ಒಂದು ಕ್ರೆಡಿಟ್. ಆ ಕ್ರೆಡಿಟ್ ಕೊಟ್ಟರೆ ಇನ್ನೊಬ್ಬರ ಪುಸ್ತಕ ನಿಮ್ಮ ಮನೆಗೆ. ಕಳಿಸೋಕೆ ಪುಸ್ತಕ ಇಲ್ಲದಿದ್ದರೆ ಕೆಲವು ಕಡೆ ದುಡ್ಡು ಕೊಟ್ಟು ಕ್ರೆಡಿಟ್ ಕೊಳ್ಳಬಹುದು. ಯಾವ ಸೈಟಿನಲ್ಲಿ ಕ್ರೆಡಿಟ್ ಅಗ್ಗ ಅಂತ ಮಂದಿ ಕೇಳುತ್ತಾರೆ. ನಾನು ಕಕ್ಕೇರಾದಲ್ಲಿ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು ಇಷ್ಟು: ಆ ಬೆಲೆ ಕಟ್ಟುವುದು ಅಂಚೆ ಕಚೇರಿಯ ತಕ್ಕಡಿ.

ಅಮೆರಿಕದಿಂದಲೇ ಶುರು ಮಾಡೋಣ. ಅಲ್ಲಿ 2004ರಲ್ಲಿ ಪೇಪರ್‌ಬ್ಯಾಕ್‌ಸ್ವಾಪ್ ಬಂತು. ಅದು ನಡೆದದ್ದು ಪುಸ್ತಕಕ್ಕೆಂದೇ ಇರುವ ಅಗ್ಗದ ಅಂಚೆ ದರದ ಮೇಲೆ. 1938ರಲ್ಲಿ ರೂಸ್‌ವೆಲ್ಟ್ ಸರ್ಕಾರ ತಂದ ದರದ ಮುಂದುವರಿಕೆ ಅದು. ದೂರ ಎಷ್ಟೇ ಇರಲಿ, ತೂಕಕ್ಕೆ ಮಾತ್ರ ದುಡ್ಡು. 2006ರಲ್ಲಿ ಜಾನ್ ಬಕ್‌ಮನ್ ಶುರು ಮಾಡಿದ ಬುಕ್‌ಮೂಚ್ ಇನ್ನೂ ಮಜಾ ಅದ. ಅಲ್ಲಿ ಪಾಯಿಂಟ್. ದೇಶದೊಳಗೆ ಕಳಿಸಿದರೆ ಒಂದು. ಹೊರದೇಶದಿಂದ ತರಿಸಿಕೊಳ್ಳುವವರು ಎರಡು ಕೊಡಬೇಕು, ಕಳಿಸಿದವರಿಗೆ ಮಾತ್ರ ಮೂರು ಸಿಗುತ್ತಿತ್ತು. ಅಂಚೆ ಖರ್ಚು ಜಾಸ್ತಿ ಅನ್ನೋ ಕಾರಣಕ್ಕೆ ಈ ಉಪಕಾರ. ಆದರೆ ನೋಡ್ರಿ, ಆ ಮೂರನೇ ಪಾಯಿಂಟ್ ಯಾರ ಕಿಸೆಯಿಂದಲೂ ಬಂದದ್ದಲ್ಲ. ನೋಟು ಅಚ್ಚು ಹಾಕಿದ ಹಾಗೆ. ಪಾಯಿಂಟ್ ಹೆಚ್ಚಿ ಪುಸ್ತಕ ಅಷ್ಟೇ ಇದ್ದರೆ ಏನಾಗುತ್ತದೆ ಅಂತ ಸಂತೆಗೆ ಹೋಗುವವರಿಗೆ ಹೇಳಬೇಕಿಲ್ಲ.

ಈಗ ನಮ್ಮ ಕಡೆ ಬರೋಣ. ದೂರಕ್ಕೆ ಬೆಲೆ ಇಲ್ಲ, ತೂಕಕ್ಕೆ ಮಾತ್ರ ಅನ್ನೋ ನಿಯಮ ಭಾರತದಲ್ಲಿ 1854ರಷ್ಟು ಹಳೆಯದು. ಆ ವರ್ಷ ಕಾಲು ತೊಲೆಯ ಕಾಗದಕ್ಕೆ ಅರ್ಧ ಆಣೆ ಅಂತ ಗೊತ್ತು ಮಾಡಿದರು; ಪಕ್ಕದ ಊರಿಗೂ ಅಷ್ಟೇ, ಕಲ್ಕತ್ತೆಗೂ ಅಷ್ಟೇ. ನಮ್ಮ ಸುರಪುರ ಸೀಮೆ ಆಮೇಲೆ ನಿಜಾಮರ ರಾಜ್ಯಕ್ಕೆ ಸೇರಿತು. ಅಲ್ಲಿ ಬೇರೆಯೇ ಅಂಚೆ, ಬೇರೆಯೇ ಸ್ಟಾಂಪು. 1950ರಲ್ಲಷ್ಟೇ ಅದು ಭಾರತದ ಅಂಚೆಯೊಳಗೆ ಬಂತು.

ಕನ್ನಡ ಪುಸ್ತಕಕ್ಕೆ ಈ ಅಂಚೆ ಎಷ್ಟು ಮುಖ್ಯ ಅಂದ್ರೆ, ಅದಿಲ್ಲದ ಕಡೆ ಹೆಗಲೇ ಗತಿ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದರು. ಚಂದಾ ಮೊದಲೇ ಕೊಡಿ, ಪುಸ್ತಕ ಆಮೇಲೆ ಬರುತ್ತದೆ. ನನ್ನ ಪ್ರಕಾರ ಕನ್ನಡದ ಪುಸ್ತಕ ಕ್ರೆಡಿಟ್ ಅಂದ್ರೆ ಅದೇ.

ಮುಂದಿನ ಕಥೆ ತೀರಾ ಇತ್ತೀಚಿನದು. ರಿಜಿಸ್ಟರ್ಡ್ ಬುಕ್ ಪೋಸ್ಟ್‌ನಲ್ಲಿ 1 ಕಿಲೋ ಪುಸ್ತಕಕ್ಕೆ 32 ರೂಪಾಯಿ, 5 ಕಿಲೋಗೆ 80. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿತು. ಉಳಿದ ದಾರಿ ರಿಜಿಸ್ಟರ್ಡ್ ಪಾರ್ಸೆಲ್: 1 ಕಿಲೋಗೆ 78, 5 ಕಿಲೋಗೆ 229. ಸೈಟು ಏನೂ ಮಾಡದೆಯೇ ಕ್ರೆಡಿಟ್‌ನ ಬೆಲೆ ರಾತ್ರೋರಾತ್ರಿ ಎರಡು ಪಟ್ಟು ದಾಟಿತು. ಸಣ್ಣ ಪ್ರಕಾಶಕರಿಗೆ ಬಿದ್ದ ಪೆಟ್ಟಿನ ಬಗ್ಗೆ ಪತ್ರಿಕೆಗಳು ಬರೆದವು. ಪುಸ್ತಕದಂಗಡಿಯೇ ಇಲ್ಲದ ಊರಲ್ಲಿ ಓದುವವನ ಬಗ್ಗೆ ಅಷ್ಟು ಮಾತು ಆಗಲಿಲ್ಲ. ನೂರೈವತ್ತು ರೂಪಾಯಿಯ ಪುಸ್ತಕಕ್ಕೆ ಅದರ ಅರ್ಧ ಬೆಲೆ ಸಾಗಣೆಗೇ ಹೋದರೆ, ಡಿಗ್ರಿ ಓದೋ ಹುಡುಗಿ ಪುಸ್ತಕ ಬಿಟ್ಟು ರೀಲ್ಸ್ ನೋಡಿದರೆ ಬೈಯೋದು ಹೆಂಗ?

2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಅರ್ಧ ಕಿಲೋ ದಾಟಿದರೆ 1 ಕಿಲೋವರೆಗೆ 35, 5 ಕಿಲೋಗೆ 100. ತೆರಿಗೆ ಬೇರೆ. ನೆಲದ ದಾರಿಯಲ್ಲೇ ಬರುತ್ತದೆ, ಹಾಗಾಗಿ ನಿಧಾನ.

ಈ ದರದಲ್ಲಿ ನಾನು ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ನನ್ನ ಪುಸ್ತಕಗಳನ್ನೇ ಇಟ್ಟು ನೋಡಿದೆ. ತೆಳ್ಳನೆಯ ಕವನ ಸಂಕಲನ ಕಳಿಸಲು 20 ರೂಪಾಯಿ. ದಪ್ಪ ಕಾದಂಬರಿಗೆ 35. ಎರಡಕ್ಕೂ ಸಿಗುವುದು ಮಾತ್ರ ಒಂದೇ ಕ್ರೆಡಿಟ್! ಹಾಗಾದ ಮೇಲೆ ದಪ್ಪ ಪುಸ್ತಕ ಯಾರು ಕಳಿಸ್ತಾರ್ರೀ? ಪುಸ್ತಕಕ್ಕೊಂದು ಕ್ರೆಡಿಟ್ ಅನ್ನೋ ಲೆಕ್ಕದಲ್ಲೇ ತೂತು ಇದೆ. ದುಡ್ಡು ಕೊಟ್ಟು ಕ್ರೆಡಿಟ್ ಕೊಳ್ಳುವವರು ನೆನಪಿಡಿ: ಅದರಿಂದ ದಪ್ಪ ಪುಸ್ತಕ ತರಿಸಿಕೊಂಡರೆ ಮಾತ್ರ ಲಾಭ.

ಇನ್ನೊಂದು ಲೆಕ್ಕ. 300 ಗ್ರಾಂನ ಪುಸ್ತಕ 5 ಕಿಲೋದಲ್ಲಿ ಹದಿನಾರು ಹಿಡಿಸುತ್ತವೆ. ನೂರು ರೂಪಾಯಿಯನ್ನು ಹದಿನಾರಕ್ಕೆ ಹಂಚಿದರೆ ಒಂದಕ್ಕೆ 6 ರೂಪಾಯಿ 25 ಪೈಸೆ. ಒಂದೊಂದೇ ಕಳಿಸಿದರೆ 20. ಅಂದರೆ ಕಕ್ಕೇರಾದಲ್ಲಿ ಹದಿನಾರು ಮಂದಿ ಸೇರಿ ಒಂದೇ ಕಟ್ಟು ಕಳಿಸಿ, ಒಂದೇ ಕಟ್ಟು ತರಿಸಿಕೊಂಡರೆ ಯಾವ ಸೈಟೂ ಕೊಡದಷ್ಟು ಅಗ್ಗ. ನನ್ನ ಕಡೆ ಆರು ಮಂದಿ ಆಗಿದ್ದಾರೆ. ಹುಣಸಗಿ, ಕೆಂಭಾವಿ, ಸುರಪುರದ ಕಡೆಯವರು ಇದ್ದರೆ ಕಾಮೆಂಟಿನಲ್ಲಿ ಪುಸ್ತಕದ ಹೆಸರು ಹಾಕ್ರಿ, ತೂಕ ಸಮೇತ.