ರಾಮಗಢಕ್ಕೆ ದಾರಿ ಯಾವ್ದು?

📷 ಫೋಟೋ 1

‘ಶೋಲೆ’ ನೋಡಿದ್ದೀರಲ್ಲ? ನೋಡಿಲ್ಲ ಅಂದ್ರೂ ಮನೇಲಿ ಅಪ್ಪನೋ ಚಿಕ್ಕಪ್ಪನೋ ಗಬ್ಬರ್ ಸಿಂಗ್ ಥರ ಮಾತಾಡಿ ನಗಿಸಿದ್ದನ್ನ ಕೇಳಿರ್ತೀರಿ. ಅದ್ರಲ್ಲಿ ಬಸಂತಿ ತನ್ನ ಟಾಂಗಾದಲ್ಲಿ ಜೈ, ವೀರು ಇಬ್ರನ್ನೂ ರಾಮಗಢಕ್ಕೆ ಕರ್ಕೊಂಡು ಹೋಗ್ತಾಳೆ. ಈಗ ಒಂದು ಕೆಲಸ ಮಾಡಿ. ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು ಆ ರಾಮಗಢದ ನಕ್ಷೆ ಬರೀರಿ. ಠಾಕೂರ್ ಮನೆ ಎಲ್ಲಿ? ನೀರಿನ ಟ್ಯಾಂಕ್ ಎಲ್ಲಿ? ದೇವಸ್ಥಾನ, ಮಸೀದಿ? ಗಬ್ಬರ್ ಅಡ್ಡಾ ಊರಿಂದ ಯಾವ ದಿಕ್ಕಿಗೆ? ರೈಲು ಎಲ್ಲಿ ಹಾದು ಹೋಗುತ್ತೆ?

ಟ್ಯಾಂಕ್‌ವರೆಗೂ ಸಲೀಸಾಗಿ ಬರುತ್ತೆ. ರೈಲಿನ ಹತ್ರ ಪೆನ್ಸಿಲ್ ನಿಂತುಬಿಡುತ್ತೆ. ಯಾಕಂದ್ರೆ ರಾಮಗಢದ ಬಂಡೆಗಳು ಇರೋದು ನಮ್ಮ ರಾಮನಗರದಲ್ಲಿ. ಆ ರೈಲು ದರೋಡೆಯ ಚಿತ್ರೀಕರಣ ಆಗಿದ್ದು ಮುಂಬೈ–ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ರ. ನಡುವೆ ಸುಮಾರು ಸಾವಿರ ಕಿಲೋಮೀಟರ್! ಊರವರು ಆಡೋ ಮಾತು ಕೇಳಿದ್ರೆ ಅದು ಉತ್ತರದ ಕಡೆಯ ಹಿಂದಿ. ಅಂದ್ರೆ ರಾಮಗಢದ ಕಲ್ಲು ಒಂದು ರಾಜ್ಯದ್ದು, ರೈಲು ಇನ್ನೊಂದು ರಾಜ್ಯದ್ದು, ನಾಲಿಗೆ ಮತ್ತೊಂದು ಕಡೇದು. ಇಷ್ಟನ್ನೂ ಹೊಲಿದು ಒಂದು ಊರು ಮಾಡಿದ್ದಾರೆ. ನಾವು 50 ವರ್ಷದಿಂದ ಹೊಲಿಗೆ ಕಾಣದೆ ಅದನ್ನ ಊರು ಅಂತಲೇ ನಂಬಿದ್ದೀವಿ.

ಈ ಸಲದ ಸರಣಿ ಇಂಥ ಇಲ್ಲದ ಊರುಗಳ ನಕ್ಷೆ ಬಗ್ಗೆ. ಇಲ್ಲದ ಊರು ನಿಲ್ಲೋಕೂ ಎಲ್ಲೋ ಇರೋ ನೆಲ ಬೇಕು. ಆ ನೆಲ ಕೊಟ್ಟವರ ಹೆಸರು ಮಾತ್ರ ನಕ್ಷೆ ಮೇಲೆ ಇರಲ್ಲ. ನಮ್ಮ ಜಿಲ್ಲೆ ಈ ವಿಷಯದಲ್ಲಿ ಎರಡು ಸಲ ಸಾಲ ಕೊಟ್ಟಿದೆ ಕಣ್ರೋ. ಒಂದು ನಿಮಗೆ ಗೊತ್ತು. ಇನ್ನೊಂದು ಮಾಗಡಿ ಕಡೇದು. ಅದಕ್ಕೆ ಆಮೇಲೆ ಬರ್ತೀನಿ.

📷 ಫೋಟೋ 2

1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ತಂಡ ರಾಮನಗರಕ್ಕೆ ಬಂತು. ಜಾಗ ಆರಿಸಿದ್ದು, ಊರು ಕಟ್ಟಿದ್ದು ಕಲಾ ನಿರ್ದೇಶಕ ರಾಮ್ ಯೆಡೇಕರ್. ಅದುವರೆಗಿನ ಡಕಾಯಿತರ ಸಿನಿಮಾ ಅಂದ್ರೆ ಚಂಬಲ್‌ನ ಮಣ್ಣಿನ ಕೊರಕಲು. ಇವರು ಕಲ್ಲಿನ ಬೆಟ್ಟ ಹುಡುಕ್ಕೊಂಡು ದಕ್ಷಿಣಕ್ಕೆ ಬಂದ್ರು. ಹೆದ್ದಾರಿಯಿಂದ ಸೆಟ್‌ವರೆಗೆ ರಸ್ತೆ ಹಾಕಿಸಿದ್ರು. ಬೆಟ್ಟದ ಬುಡದಲ್ಲಿ ಒಂದು ಪೂರ್ತಿ ಹಳ್ಳಿ ಎದ್ದು ನಿಂತ್ಕೊಳ್ತು. 1975ರ ಆಗಸ್ಟ್ 15ಕ್ಕೆ ಸಿನಿಮಾ ಬಿಡುಗಡೆ. ಆಮೇಲೆ ಸ್ವಲ್ಪ ಕಾಲ ರಾಮನಗರದ ಒಂದು ಭಾಗಕ್ಕೆ ಸಿಪ್ಪಿ ನಗರ ಅಂತಲೇ ಹೆಸರಿತ್ತು.

ಈಗ ಹೋಗಿ ನೋಡಿ. ಹಳ್ಳಿ ಇಲ್ಲ, ಟ್ಯಾಂಕ್ ಇಲ್ಲ, ಠಾಕೂರ್ ಮನೆ ಇಲ್ಲ. ವಾರದ ಕೊನೇಲಿ ಬೆಂಗಳೂರಿಂದ ಬರೋರು ಮಾತ್ರ ‘ಶೋಲೆ ಬೆಟ್ಟ ಎಲ್ಲಿ’ ಅಂತ ಕೇಳ್ತಾರೆ. ಆ ಬೆಟ್ಟಕ್ಕೆ ರಾಮದೇವರ ಬೆಟ್ಟ ಅಂತ ಹೆಸರಿದೆ, ಮೇಲೆ ಪಟ್ಟಾಭಿರಾಮನ ಗುಡಿ ಇದೆ, ಹಳೇ ಕೋಟೆಯ ಗುರುತಿದೆ. ವನವಾಸದಲ್ಲಿ ರಾಮ ಇಲ್ಲಿಗೆ ಬಂದಿದ್ದ ಅನ್ನೋ ಸ್ಥಳಪುರಾಣವೂ ಇದೆ. ಅಂದ್ರೆ ಗಬ್ಬರ್ ಬರೋಕೆ ಮೊದಲೇ ಈ ಕಲ್ಲಿನ ಮೇಲೆ ಒಂದು ಕಥೆಯ ನಕ್ಷೆ ಇತ್ತು. ಎರಡನೇದು ಮೊದಲನೇದರ ಮೇಲೆ ಕೂತ್ಕೊಂಡಿದೆ, ಅಷ್ಟೇ.

📷 ಫೋಟೋ 3 (ಇದು ನಾನೇ ಬರೆದ ನಕ್ಷೆ, ನಗಬೇಡಿ)

ಪುಸ್ತಕದ ಲೋಕದಲ್ಲಿ ನಕ್ಷೆ ಬರೋದು ಎರಡು ಥರ. ಕಥೆಗಿಂತ ಮೊದಲು, ಇಲ್ಲಾಂದ್ರೆ ಕಥೆ ಆದ್ಮೇಲೆ.

ಮೊದಲ ಥರಕ್ಕೆ ‘ಟ್ರೆಷರ್ ಐಲ್ಯಾಂಡ್’. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಿಡದೆ ಮಳೆ. ಹೆಂಡತಿಯ ಮಗನ ಜೊತೆ ಬಣ್ಣ ಹಚ್ಚುತ್ತಾ ಕೂತಿದ್ದ ಸ್ಟೀವನ್‌ಸನ್ ಒಂದು ದ್ವೀಪದ ಚಿತ್ರ ಬರೆದ. ಆ ಚಿತ್ರ ನೋಡ್ತಾ ನೋಡ್ತಾ ಕಥೆ ಹುಟ್ಟಿತು. ತಮಾಷೆ ಏನಂದ್ರೆ, ಪ್ರಕಾಶಕರಿಗೆ ಕಳಿಸಿದ ಆ ಮೂಲ ನಕ್ಷೆ ಕಳೆದೇ ಹೋಯ್ತು. ಪಾಪ, ತಾನೇ ಬರೆದ ಪುಸ್ತಕವನ್ನ ಮತ್ತೆ ಓದಿ, ಎಲ್ಲಿ ಏನಿದೆ ಅಂತ ಅಳತೆ ಹಾಕಿ, ಇನ್ನೊಂದು ನಕ್ಷೆ ಬರೀಬೇಕಾಯ್ತು. ಎರಡನೇದು ಮೊದಲನೇದರಷ್ಟು ಚೆನ್ನಾಗಿಲ್ಲ ಅಂತ ಆತನಿಗೆ ಕೊನೇತನಕ ಕೊರಗು.

ಎರಡನೇ ಥರಕ್ಕೆ ನಮ್ಮ ಮಾಲ್ಗುಡಿ. 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ ಆರ್.ಕೆ. ನಾರಾಯಣ್ ಹೊಸ ನೋಟ್‌ಬುಕ್ ತಗೊಂಡು ಬರೆಯೋಕೆ ಕೂತ್ರು. ಮೊದಲು ಕಣ್ಣಿಗೆ ಕಂಡಿದ್ದು ಒಂದು ರೈಲ್ವೆ ಸ್ಟೇಷನ್. ಊರೂ ಇಲ್ಲ, ಜನವೂ ಇಲ್ಲ, ಬರೀ ಸ್ಟೇಷನ್ ಮತ್ತು ಅದರ ಹೆಸರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಗಿದ್ದು 1935ರಲ್ಲಿ. ಆಮೇಲೆ ಪುಸ್ತಕದಿಂದ ಪುಸ್ತಕಕ್ಕೆ ಊರು ಬೆಳೀತಾ ಹೋಯ್ತು: ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರೋಡ್, ಲಾಲಿ ಎಕ್ಸ್‌ಟೆನ್ಷನ್. ನಕ್ಷೆ ಬರೆದದ್ದು ನಾರಾಯಣ್ ಅಲ್ಲ, ಜೇಮ್ಸ್ ಫೆನ್ನೆಲಿ ಅನ್ನೋ ಅಮೆರಿಕದ ವಿದ್ವಾಂಸ. ಕಾದಂಬರಿಗಳನ್ನೆಲ್ಲ ಓದಿ, ಯಾವ ಬೀದಿ ಎಲ್ಲಿ ತಿರುಗುತ್ತೆ ಅಂತ ಲೆಕ್ಕ ಹಾಕಿ ಬರೆದ.

ಮಲ್ಲೇಶ್ವರಂನ ‘ಮಲ್’, ಬಸವನಗುಡಿಯ ‘ಗುಡಿ’ ಸೇರಿ ಮಾಲ್ಗುಡಿ ಆಯ್ತು ಅನ್ನೋ ಮೆಸೇಜು ನಿಮಗೂ ಬಂದಿರುತ್ತೆ. ಕೇಳೋಕೆ ಚಂದ, ಆದ್ರೆ ನಾರಾಯಣ್ ಹೇಳಿದ್ದು ಹಾಗಲ್ಲ. ಅವರ ಪ್ರಕಾರ ಹೆಸರು ಇದ್ದಕ್ಕಿದ್ದ ಹಾಗೆ ಹೊಳೆದಿದ್ದು.

ಆಮೇಲೆ ಶಂಕರ್ ನಾಗ್ ಟಿವಿಗೆ ‘ಮಾಲ್ಗುಡಿ ಡೇಸ್’ ಮಾಡಿದಾಗ ಆ ಊರಿಗೆ ನೆಲ ಕೊಟ್ಟದ್ದು ಆಗುಂಬೆ. ಸ್ಟೇಷನ್ ಕೊಟ್ಟದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಅರಸಾಳಿನ ಹಳೇ ಸ್ಟೇಷನ್ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಮೈಸೂರು–ಬೆಂಗಳೂರು ದಾರಿಯ ಒಂದು ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಅಂತಲೇ ಹೆಸರಿಟ್ಟಿದ್ದಾರೆ. ಇಲ್ಲದ ಊರಿನ ಹೆಸರಿನ ರೈಲು, ಚನ್ನಪಟ್ಟಣ, ರಾಮನಗರ ದಾಟಿ ಹೋಗೋ ದಾರೀಲಿ! ರಾಮಗಢದ ರೈಲು ನಮ್ಮ ಕಡೆ ಬರಲಿಲ್ಲ, ಮಾಲ್ಗುಡಿ ರೈಲು ಬಂತು.

ಕನ್ನಡದಲ್ಲೂ ಇಂಥ ಊರುಗಳಿವೆ. ಅನಂತಮೂರ್ತಿಯವರ ‘ಸಂಸ್ಕಾರ’ದ ದೂರ್ವಾಸಪುರ, ಕಂಬಾರರ ಶಿವಾಪುರ. ಕಂಬಾರರ ‘ಶಿಖರಸೂರ್ಯ’ದಲ್ಲಿ ಕನಕಪುರಿ ಅಂತ ಒಂದು ರಾಜ್ಯವೂ ಇದೆ. ಕನಕಪುರದ ಸ್ನೇಹಿತರೇ, ಖುಷಿ ಪಡಬೇಡಿ, ಅದು ನೀವಲ್ಲ 😄 ನಿಮ್ಮದು ಕಾನಕಾನಹಳ್ಳಿಯಾಗಿದ್ದು ಕನಕಪುರ ಆದ ಊರು.

📷 ಫೋಟೋ 4

ಈಗ ಮಾಗಡಿ.

ಇ.ಎಂ. ಫಾರ್ಸ್ಟರ್ ಅನ್ನೋ ಇಂಗ್ಲಿಷ್ ಲೇಖಕ 1924ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದ. ಅದ್ರಲ್ಲಿ ಚಂದ್ರಾಪೋರ್ ಅನ್ನೋ ಊರು, ಪಕ್ಕದಲ್ಲಿ ಮರಾಬಾರ್ ಗುಹೆಗಳು. ಎರಡೂ ಕಲ್ಪನೆ. ಆದ್ರೆ ಪೂರ್ತಿ ಕಲ್ಪನೆಯಲ್ಲ: ಚಂದ್ರಾಪೋರ್ ಹಿಂದೆ ಪಟ್ನಾದ ಬಂಕಿಪುರ ಇದೆ, ಮರಾಬಾರ್ ಹಿಂದೆ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳಿವೆ. ಅವು ಅಶೋಕನ ಕಾಲದವು, ಒಳಗೋಡೆ ಕನ್ನಡಿ ಥರ ನುಣುಪು, ಕೂಗಿದ್ರೆ ಪ್ರತಿಧ್ವನಿ. ಕಾದಂಬರಿಯ ಜೀವ ಇರೋದೇ ಆ ಪ್ರತಿಧ್ವನಿಯಲ್ಲಿ.

ಡೇವಿಡ್ ಲೀನ್ ಇದನ್ನ ಸಿನಿಮಾ ಮಾಡೋಕೆ ಹೊರಟಾಗ ನಿಜವಾದ ಬರಾಬರ್‌ಗೆ ಹೋಗಿ ನೋಡಿದ. ಮನಸ್ಸಿಗೆ ಬರಲಿಲ್ಲ. ಬೆಟ್ಟ ಚಪ್ಪಟೆ ಅನ್ನಿಸ್ತು, ಆ ಕಡೆ ಡಕಾಯಿತರ ಭಯ ಬೇರೆ. (ಸಿನಿಮಾದ ಡಕಾಯಿತರಿಗೆ ಬೆಟ್ಟ ಕೊಟ್ಟ ಜಿಲ್ಲೆಗೆ, ನಿಜವಾದ ಡಕಾಯಿತರಿಗೆ ಹೆದರಿದವನು ಬಂದ!) ಆರಿಸಿದ್ದು ಮಾಗಡಿಯ ಸಾವನದುರ್ಗ ಮತ್ತು ಅದೇ ರಾಮದೇವರ ಬೆಟ್ಟ. ಸಮಸ್ಯೆ ಏನಂದ್ರೆ ಇಲ್ಲಿ ಮರಾಬಾರ್ ಥರದ ಗುಹೆ ಇಲ್ಲ. ಅದಕ್ಕೆ ಸಿನಿಮಾದವರೇ ಬಂಡೆಯಲ್ಲಿ ಗುಹೆಯ ಬಾಯಿ ಕೊರೆದ್ರು. ಗುಹೆಗೆ ಹೋಗೋ ಪುಟ್ಟ ರೈಲು? ಅದು ನೀಲಗಿರಿಯದು. ಮತ್ತೆ ಅದೇ ಕಥೆ ನೋಡಿ, ಕಲ್ಲು ನಮ್ಮದು, ರೈಲು ಬೇರೆಯವರದು. ಸಿನಿಮಾ 1984ರಲ್ಲಿ ಬಂತು, ಎರಡು ಆಸ್ಕರ್ ಗೆದ್ದಿತು.

ನನಗೆ ಇಲ್ಲಿ ಸ್ವಲ್ಪ ಸಂಕಟ ಆಗುತ್ತೆ. ಸಾವನದುರ್ಗಕ್ಕೆ ಸ್ವಂತ ಕಥೆ ಕಡಿಮೆಯೇ? 1226 ಮೀಟರ್ ಎತ್ತರದ ಬೆಟ್ಟ, ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ. ಮಾಗಡಿ ಕೆಂಪೇಗೌಡರ ವಂಶದ ಕೋಟೆ, ಆಮೇಲೆ ಹೈದರ್, ಟಿಪ್ಪು ಕೈಗೆ ಬಂದದ್ದು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಇದನ್ನ ಹಿಡೀತು. ಆ ಸೈನ್ಯದ ಜೊತೆ ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ಇದ್ದ. ಅವನ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅಲ್ಲಿ ಬೆಂಕಿ ಕಾಯಿಸ್ತಾ ಪುಟ ತಿರುಗಿಸಿದವರಿಗೆ ಸಾವನದುರ್ಗ ಆಗಲೇ ಅರ್ಧ ಕಥೆಯ ನಾಡು. ಅಲ್ಲಿ ಯಾರು ಸತ್ತರು ಅನ್ನೋದಕ್ಕಿಂತ ಬೆಟ್ಟ ಎಷ್ಟು ರಮ್ಯವಾಗಿದೆ ಅನ್ನೋದೇ ಮುಖ್ಯ. ಲೀನ್ ಬರೋಕೆ 190 ವರ್ಷ ಮೊದಲೇ ಈ ಬೆಟ್ಟ ಯಾರದೋ ಕಣ್ಣಿಗೆ ಸೆಟ್ ಆಗಿಹೋಗಿತ್ತು.

📷 ಫೋಟೋ 5

ಸರಿ, ಇಲ್ಲದ ಊರು ಬಿಡಿ. ಇರೋ ಊರಿನ ನಕ್ಷೆಯಾದ್ರೂ ಗಟ್ಟಿಯಾ?

ಟಿಪ್ಪು ಕಾಲದಲ್ಲಿ ನಮ್ಮೂರು ಶಂಸೇರಾಬಾದ್. 1800ರಲ್ಲಿ ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರು ಅದು. ಆಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಜಿಲ್ಲೆ. 2025ರ ಮೇ ತಿಂಗಳಲ್ಲಿ ಸರ್ಕಾರ ಜಿಲ್ಲೆಯ ಹೆಸರನ್ನ ಬೆಂಗಳೂರು ದಕ್ಷಿಣ ಅಂತ ಬದಲಾಯಿಸ್ತು. ಊರು ರಾಮನಗರವಾಗಿಯೇ ಇದೆ, ಜಿಲ್ಲೆ ಮಾತ್ರ ದಿಕ್ಕಾಯ್ತು. ಪರವೋ ವಿರೋಧವೋ ಕಾಮೆಂಟಿನಲ್ಲಿ ಜಗಳ ಬೇಡ, ಕ್ಲಾಸಿನಲ್ಲೇ ಸಾಕಾಗಿದೆ. ಹಾರೋಹಳ್ಳಿಯ ಬೆಟ್ಟದ ಪಕ್ಕ ರಾಗಿ ಬೆಳೆಯೋ ಮನೆಯವರ ವಿಳಾಸದಲ್ಲಿ ಈಗ ಬೆಂಗಳೂರು ಇದೆ. ಇದೂ ಒಂದು ಥರ ಕಲ್ಪನೆಯ ನಕ್ಷೆಯೇ ಅಲ್ವಾ? ಮುಂದೆ ಆಗಲಿ ಅಂತ ಇವತ್ತೇ ಬರೆದದ್ದು.

ಹಳೇ ಹೆಸರು ಎಲ್ಲೂ ಉಳಿದಿಲ್ವಾ ಅಂದ್ರೆ, ಒಂದು ಕಡೆ ಉಳಿದಿದೆ. ಭೂವಿಜ್ಞಾನಿಗಳ ನಕ್ಷೆಯಲ್ಲಿ. ನಮ್ಮ ಬೆಟ್ಟಗಳ ಕಲ್ಲನ್ನ ಅವರು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೀತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು, ಉತ್ತರ ದಕ್ಷಿಣವಾಗಿ 400 ಕಿಲೋಮೀಟರ್ ಉದ್ದದ ಪಟ್ಟಿ. ಊರಿನ ಬೋರ್ಡ್ ಎಷ್ಟು ಸಲ ಬದಲಾದ್ರೂ ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನದ ವಿದ್ಯಾರ್ಥಿಗೂ ನಾವು ಕ್ಲೋಸ್‌ಪೇಟೆಯೇ.

📷 ಫೋಟೋ 6 (ಜೂಮ್ ಮಾಡಿ, ಬಂಡೆಯ ಅಂಚಿನಲ್ಲಿ ಬಿಳೀ ಗೆರೆ ಕಾಣುತ್ತಲ್ಲ)

ಅದು ಸುಣ್ಣ ಅಲ್ಲ, ರಣಹದ್ದಿನ ಹಿಕ್ಕೆ. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಸಂದಿನಲ್ಲೇ ಗೂಡು ಕಟ್ಟೋದು, ವರ್ಷಕ್ಕೆ ಒಂದೇ ಮೊಟ್ಟೆ. ಜಾನುವಾರಿಗೆ ಕೊಡ್ತಿದ್ದ ಡೈಕ್ಲೋಫಿನಾಕ್ ಅನ್ನೋ ನೋವಿನ ಔಷಧಿಯಿಂದ ದೇಶದ ತುಂಬಾ ರಣಹದ್ದು ಸತ್ತವು. ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತೆ. 2006ರಲ್ಲಿ ಜಾನುವಾರಿಗೆ ಅದನ್ನ ಕೊಡೋದನ್ನ ನಿಷೇಧಿಸಿದ್ರು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ರಣಹದ್ದುಧಾಮ ಆಯ್ತು.

ಹಾಗಾಗಿ ಒಂದೇ ಬೆಟ್ಟದ ಮೇಲೆ ಈಗ ನಾಲ್ಕು ನಕ್ಷೆ: ರಾಮನದು, ಗಬ್ಬರ್‌ದು, ಮರಾಬಾರ್‌ದು, ಅರಣ್ಯ ಇಲಾಖೆಯದು. ಕೆಲ ವರ್ಷದ ಹಿಂದೆ ಶೋಲೆಯ ಊರನ್ನ ಇಲ್ಲಿ ಮತ್ತೆ ಸೃಷ್ಟಿಸೋ ಪ್ರವಾಸೋದ್ಯಮ ಯೋಜನೆ ಸುದ್ದಿಯಾಯ್ತು, ಹಕ್ಕಿ ಬಲ್ಲವರು ಬೇಡ ಅಂದ್ರು. ನಾನು ಹಕ್ಕಿಯವರ ಕಡೆ. ಸಿನಿಮಾ ಮೊಬೈಲಿನಲ್ಲಿ ಯಾವಾಗ ಬೇಕಾದ್ರೂ ಸಿಗುತ್ತೆ. ಗೂಡಿನ ಮುಂದೆ ಸ್ಪೀಕರ್ ಹಾಕಿ ಆ ಡೈಲಾಗ್ ಕೂಗಿದ್ರೆ ಎದ್ದು ಹೋದ ಹದ್ದು ವಾಪಸ್ ಬರಬೇಕಲ್ಲ.

ಮುಂದಿನ ಸರಣಿಗೆ ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮೂರ ಹತ್ತಿರದ ಗುಡ್ಡಕ್ಕೆ, ಬಂಡೆಗೆ, ಕಟ್ಟೆಗೆ ಅಜ್ಜ ಅಜ್ಜಿ ಏನು ಹೆಸರು ಹೇಳ್ತಾರೆ ಕೇಳಿ ಕೆಳಗೆ ಬರೀರಿ. ಗೂಗಲ್ ಮ್ಯಾಪಿನಲ್ಲಿ ಇಲ್ಲದ ಹೆಸರಾದ್ರೆ ಇನ್ನೂ ಒಳ್ಳೇದು. ಚನ್ನಪಟ್ಟಣದವರು ಬೊಂಬೆ ಅಂಗಡಿ ಬಿಟ್ಟು ಬೇರೆ ಏನಾದ್ರೂ ಹೇಳ್ರಪ್ಪ.

#ರಾಮನಗರ #ಸಾವನದುರ್ಗ #ನಮ್ಮೂರ_ನಕ್ಷೆ